ಹಿಂದಿನ ಟ್ರೇಲಿ

ಹಾಳೆಯ ಮೇಲೆ ಅದು ಎರಡು ಚೌಕ, ನಡುವೆ ಒಂದು ಕೊಂಡಿ.
ಸುರುಳಿ ಗೀಚಿದರೆ ಸ್ಪ್ರಿಂಗು,
ಪಿಚಕಾರಿ ಗೀಚಿದರೆ ಡ್ಯಾಂಪರು.
ಮೇಲೆ ಕೆಳಗಿನ ಕುಣಿತ ಯಾರೋ ಬರೆದು ಮುಗಿಸಿದ್ದಾರೆ;
ನನ್ನ ಪಾಲಿಗೆ ಬಂದದ್ದು ಅಡ್ಡ ತೂಗಾಟ.
ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು,
ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆ.
'ದ್ರವ್ಯರಾಶಿ ಸ್ಥಿರವೆಂದು ಭಾವಿಸೋಣ':
ಮೊದಲ ಸಾಲು ಹಾಗೇ ಶುರು, ಎಲ್ಲರದೂ.

ಭಾವಿಸಿದ್ದನ್ನು ಅಳೆಯಲು ಮುಧೋಳಕ್ಕೆ ಹೋದೆ.
ಹಿಂದಿನ ಟ್ರೇಲಿಯ ಅಚ್ಚಿಗೆ ಬೆಂಕಿಪೊಟ್ಟಣದಷ್ಟು ಸೆನ್ಸರು
ಸೈಕಲ್ ಟ್ಯೂಬಿನಿಂದ ಬಿಗಿಯುವಾಗ
'ತಾಯತ ಏನ್ರಿ ಇದು?' ಅಂದ ಲಾಲಸಾಬ ನದಾಫ.
ಮಡ್‌ಗಾರ್ಡಿನ ಮೇಲೆ ನಾನು, ಬೆನ್ನ ಹಿಂದೆ
ಇಪ್ಪತ್ತು ಟನ್ನು ಕಬ್ಬು.
ಇಪ್ಪತ್ತೆರಡರ ವೇಗ ದಾಟಿದರೆ
ಹಿಂದಿನದು ಮುಂದಿನದರ ಮಾತು ಕೇಳುವುದಿಲ್ಲ,
ಬಾಲ ಬೀಸುತ್ತದೆ ಕುಡಿದವನ ಸಮಾಧಾನದಲ್ಲಿ.
'ಕನ್ನಡಿ ಯಾಕ ಬೇಕ್ರಿ, ಕುಂಡಿಗೆ ಗೊತ್ತಾಗತೈತಿ'
ಎಂದವನು ನಾಲಿಗೆ ಕಚ್ಚಿಕೊಂಡು
ಹಾಡಿನ ಸದ್ದು ಏರಿಸಿದ.

ಕೊಂಡಿಯ ಪಿನ್ನಿಗೆ ಅವನು ಸುತ್ತಿದ್ದು ಹರಿದ ಟೈರಿನ ತುಂಡು.
ನನ್ನ ಸಮೀಕರಣದಲ್ಲಿ ಅದರ ಹೆಸರು ಸಿ,
ಬೆಲೆ ಗೊತ್ತಿಲ್ಲ.
ಅವನ ಪ್ರಕಾರ ಹತ್ತು ರೂಪಾಯಿ.

ರಾತ್ರಿ ಬಾಗಲಕೋಟೆಯ ಲ್ಯಾಬಿನಲ್ಲಿ ಗ್ರಾಫು ಬಿಡಿಸಿದರೆ
ಏಳು ದಿನದ ಏಳೂ ಖೇಪಿನಲ್ಲಿ ಒಂದೇ ಜಾಗ:
ಏರುತ್ತಿದ್ದ ಅಲೆ ತಟ್ಟನೆ ಚಪ್ಪಟೆ.
ತಿರುವಿಲ್ಲ ಅಲ್ಲಿ, ಹಂಪಿಲ್ಲ, ಕ್ರಾಸಿಲ್ಲ.
'ನಾಯ್ಸ್. ಸೋಸಿಬಿಡು' ಎಂದರು ಗೈಡು.

ಎಂಟನೇ ಖೇಪಿಗೆ ಹಿಂದೆ ತಿರುಗಿ ಕೂತೆ.
ಸರಕಾರಿ ಶಾಲೆಯ ಗೇಟು, ನಾಲ್ಕೂವರೆ.
ಹತ್ತಾರು ಹುಡುಗರು, ಲಂಗ ಸೊಂಟಕ್ಕೆ ಸಿಕ್ಕಿಸಿದ ಒಬ್ಬಳು ಹುಡುಗಿ,
ಗಳ ಹಿರಿಯಲು ಓಡೋಡಿ ಬಂದರು.
ಲಾಲಸಾಬ ಗೇರು ಇಳಿಸಿದ.
ಹಾರ್ನು ಹೊಡೆಯಲಿಲ್ಲ, ಬೈಯಲಿಲ್ಲ,
ಹಿಂದೆ ನೋಡಲೂ ಇಲ್ಲ.
ತಲೆಯ ಮೇಲೆ ಕೊಡ ಹೊತ್ತವಳ ಹಾಗೆ
ಟ್ರೇಲಿ ನೆಟ್ಟಗೆ ನಡೆಯಿತು.
ಅವರ ಕಾಲಿಗೂ ಗಾಲಿಗೂ ನಡುವೆ ಒಂದು ಗೇಣು.
ಕಬ್ಬು ಸರ್ರನೆ ಬಿಚ್ಚಿಕೊಂಡಿತು,
ಎರಡು, ನಾಲ್ಕು, ಹನ್ನೊಂದು.

'ಫ್ಯಾಕ್ಟರಿ ಕಾಟಾದಾಗ ಕಡಿಮಿ ಬಂದ್ರ?' ಎಂದೆ.
'ದಾರ್ಯಾಗ ಒಣಗತೈತ್ರಿ ಕಬ್ಬು' ಎಂದ.

ಪ್ರಬಂಧದ ಮೂರನೇ ಪುಟದಲ್ಲಿ
ಆ ಮೊದಲ ಸಾಲು ಇನ್ನೂ ಹಾಗೇ ಇದೆ.
ಕೆಳಗೆ, ಪೆನ್ಸಿಲಿನಲ್ಲಿ:
ಖೇಪಿಗೆ ಹನ್ನೊಂದು ಗಳ, ಸುಮಾರು.
ಗೈಡು ಇನ್ನೂ ನೋಡಿಲ್ಲ.