ಸೊನ್ನೆ ನೋಡುವ ದಿನ

ವರುಷಕ್ಕೊಮ್ಮೆ, ಯುಗಾದಿಗೆ ಮೊದಲು, ನಾನು ಐಸು ತರಬೇಕು.
ಗಂಜ್ ಹಿಂದಿನ ಕಾರ್ಖಾನೆಯಿಂದ
ಸೈಕಲ್ಲಿನ ಕ್ಯಾರಿಯರ್ ಮೇಲೆ, ಗೋಣಿತಟ್ಟಿನಲ್ಲಿ
ಭತ್ತದ ಹೊಟ್ಟು ಹೊದಿಸಿ.
ಸಾಲಿನಲ್ಲಿ ಮೀನಿನವರಿಬ್ಬರು, ಸೋಡಾ ಅಂಗಡಿಯ ಹುಡುಗ, ನಾನು.
"ಮೇಡಂ, ಮನಿಯಾಗ ಮದುವಿ ಅದೇನು?" ಅಂತಾನೆ ಮೌಲಾಸಾಬ.
"ಇಲ್ಲಪ್ಪ, ಸೊನ್ನಿ ನೋಡೋದದ."
ನಗುತ್ತಾನೆ. ಗರಗಸ ನಿಲ್ಲಿಸುವುದಿಲ್ಲ.

ದಾರಿಯುದ್ದಕ್ಕೂ ಹನಿ.
ತಿರುಗಿ ನೋಡಿದರೆ
ಹಿಂದಿನಿಂದ ಒಣಗುತ್ತಾ ಬರುತ್ತಿದೆ ರಾಯಚೂರು.

ಕುಟ್ಟಿ ಪುಡಿಮಾಡಿ ಸ್ಟೀಲಿನ ಡಬರಿಗೆ ತುಂಬಿ
ಉಷ್ಣಮಾಪಕದ ಬುಡ ಹೂಳುತ್ತೇನೆ.
ಕಲಿಸಿದವರು ಚಾಂದಪಾಷಾ ಸಾಹೇಬರು:
ಗಟ್ಟಿ ಕೂತ ಐಸನ್ನು ನಂಬಬೇಡ ಬೇಟಿ,
ಒಳಗೆ ಎಷ್ಟು ತಣ್ಣಗಿದೆಯೋ ಅದಕ್ಕೇ ಗೊತ್ತು.
ಕರಗುವಾಗ ಮಾತ್ರ ನಿಜ ಹೇಳುತ್ತದೆ.
ಕರಗುವಾಗ ಅದು ಸೊನ್ನೆ, ಯಾವ ಊರಲ್ಲಾದರೂ.

ಊರು ಕೇಳುವುದು ಒಂದೇ ಮಾತು: "ಇವತ್ತು ಎಷ್ಟದ?"
ನಲವತ್ತಮೂರು ಅಂದರೆ ಏನೋ ಒಂದು ಜಂಬ;
ಬಳ್ಳಾರಿಗಿಂತ ಒಂದು ಜಾಸ್ತಿ ಅಂದರೆ
ಚಹಾ ಕುಡಿಸಿಯೇ ಕಳಿಸುತ್ತಾರೆ.
ರಾತ್ರಿಯದ್ದು ಯಾರೂ ಕೇಳುವುದಿಲ್ಲ.

ರಾತ್ರಿಯದ್ದು ಬೆಳಿಗ್ಗೆ ಎಂಟೂವರೆಗೆ ಸಿಗುತ್ತದೆ.
ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು
ಉಸಿರು ಬಿಗಿಹಿಡಿಯಬೇಕು, ಬಾಯಿಯ ಬಿಸಿ ತಾಗಬಾರದು,
ಅಡ್ಡ ಮಲಗಿದ ಕೊಳವೆಯೊಳಗೆ
ಹಿಮ್ಮೆಟ್ಟುವ ಸ್ಪಿರಿಟ್ಟು ಎಳೆದುತಂದು ಬಿಟ್ಟುಹೋದ
ಕಪ್ಪು ಕಡ್ಡಿ.
ರಾತ್ರಿ ಇಲ್ಲಿಯವರೆಗೆ ಇಳಿದಿತ್ತು,
ಇನ್ನು ಕೆಳಗೆ ಮೆಟ್ಟಿಲು ಸಿಗಲಿಲ್ಲ.

ಸಾಹೇಬರ ರಿಜಿಸ್ಟರುಗಳು ಕೆಳಗಿನ ಖಾನೆಯಲ್ಲಿ.
ಗೆದ್ದಲು ಅಂಚು ತಿಂದಿದೆ, ಅಂಕಿ ಮುಟ್ಟಿಲ್ಲ.
ಹಸಿರು ಶಾಯಿ, ಎಡಕ್ಕೆ ವಾಲಿದ ಏಳು.
ಡಿಸೆಂಬರ್ ಹದಿನಾಲ್ಕು: ಹನ್ನೊಂದು ಬಿಂದು ಎರಡು.
ಷರಾ: ಕೌದಿ ಎರಡು. ಆದರೂ ಬೀಬಿಗೆ ಕೆಮ್ಮು.

ಷರಾ ಇರುವುದು ಮಂಜಿಗೆ, ಗುಡುಗಿಗೆ, ಧೂಳಿಗೆ.
ಮೇಲಿನವರು ಕೆಂಪು ಗೆರೆ ಎಳೆದಿದ್ದಾರೆ. ಎಳೆದರೇನು,
ಎಷ್ಟೋ ವರುಷದ ನಂತರ, ಅದೇ ವಾರ,
ಹದಿಮೂರು ಬಿಂದು ನಾಲ್ಕು. ಕೌದಿ ಒಂದು.
ಆಮೇಲೆ: ಕೌದಿ ಕಾಲಡಿಗೆ.
ನಿವೃತ್ತಿಯ ವರುಷ ಹದಿನಾರರ ಹತ್ತಿರ.
ಷರಾದಲ್ಲಿ ಮಾತಿಲ್ಲ, ಒಂದು ಅಡ್ಡಗೀಟು.
ಬೀಬಿ ಹೋದದ್ದೂ ಅದೇ ವರುಷ;
ಗೀಟು ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಈಗ ಅಂಗಳದಲ್ಲಿ ಒಂದು ಕಂಬ ನೆಟ್ಟಿದ್ದಾರೆ.
ಹೊಟ್ಟೆಯಲ್ಲಿ ಸಿಮ್ಮು, ತಲೆಮೇಲೆ ತಿರುಗುವ ಬಟ್ಟಲು,
ಹದಿನೈದು ನಿಮಿಷಕ್ಕೊಮ್ಮೆ ತಾನೇ ವರದಿ ಕಳಿಸುತ್ತದೆ.
ಒಳ್ಳೆಯ ಕಂಬ. ರಜೆ ಕೇಳುವುದಿಲ್ಲ.
ಕೌದಿಯೂ ಕೇಳುವುದಿಲ್ಲ.

ಪುಣೆಯ ತರಬೇತಿಯಲ್ಲಿ ಪರದೆಯ ಮೇಲೆ ತೋರಿಸಿದರು
ಭೂಮಿಯ ನೆತ್ತಿಯನ್ನು. ಕಪ್ಪು ಹಂಚಿನ ಮೇಲೆ
ಬಿಳಿಜೋಳದ ರೊಟ್ಟಿಯ ಹಾಗೆ ಸಮುದ್ರದ ಐಸು;
ಒಂದೊಂದು ಸೆಪ್ಟೆಂಬರಿಗೆ ಒಂದೊಂದು ತುತ್ತು ಮುರಿದಂತೆ ಅಂಚು.
ಕೆಲವು ವರುಷ ಮತ್ತೆ ಕೊಂಚ ಬೆಳೆದು, ಮತ್ತೆ ಮುರಿದು.
ಸಮುದ್ರವನ್ನೇ ನೋಡದ ನಾನು
ನನ್ನ ನೋಟುಬುಕ್ಕಿನ ರಾತ್ರಿಗಳನ್ನು ತೆಗೆದು
ಪಕ್ಕದಲ್ಲಿಟ್ಟುಕೊಂಡೆ.
ಯಾಕೋ ಅದು ನಮ್ಮ ಕಡೆಯ ಬರವಣಿಗೆ ಅನ್ನಿಸಿತು.

ಹದಿನೈದು ನಿಮಿಷ ಆಯಿತು.
ಡಬರಿಯ ಹೊರಮೈ ಬೆವರಿದೆ.
ನಿಜ ಹೇಳಿಬಿಡುತ್ತೇನೆ: ಈ ಸಲ ಬೇಡಿಕೊಂಡಿದ್ದೆ
ಮಾಪಕವೇ ಕೆಟ್ಟಿರಲಿ ಎಂದು.
ಎರಡು ಗೆರೆ ಮೇಲೆ ತೋರಿಸಲಿ,
ಇಷ್ಟೂ ವರುಷದ ರಾತ್ರಿಗಳಿಂದ
ಅಷ್ಟಷ್ಟು ಕಳೆದು ತಿದ್ದಿಬಿಡುತ್ತೇನೆ,
ತಪ್ಪು ನನ್ನದೆಂದು ಬೆಂಗಳೂರಿಗೆ ಕಾಗದ ಬರೆಯುತ್ತೇನೆ.

ಭೂತಗಾಜು ಹಿಡಿದು ಬಗ್ಗಿದೆ.
ಸೊನ್ನೆ.
ಕೂದಲೆಳೆಯೂ ಆಚೀಚೆ ಇಲ್ಲ.

ಉಳಿದ ನೀರು ಬೇವಿನ ಬುಡಕ್ಕೆ ಹಾಕಿದೆ.
ಷರಾದಲ್ಲಿ ಬರೆದೆ: ಮಾಪಕ ಸರಿ ಇದೆ.
ಮೌಲಾಸಾಬನ ತಟ್ಟು ಸಂಜೆಯೊಳಗೆ ಮುಟ್ಟಿಸಬೇಕು.
ತಂತಿಯ ಮೇಲೆ ಹರವಿ ಐದು ನಿಮಿಷವಾಗಿಲ್ಲ,
ಒಣಗಿ ಕಟಕಟ ಅನ್ನುತ್ತಿದೆ.