ಹೆಸರು ಕೊರೆದದ್ದು

ದಾವಣಗೆರೆ ರೈಲ್ವೆ ಗೇಟಿನಾಚೆ
ಖಲಂದರನ ಗುಜರಿಯಲ್ಲಿ ಎಲ್ಲವೂ ಕಿಲೋ ಲೆಕ್ಕ.
ಮುಚ್ಚಿದ ಮಿಲ್ಲಿನ ಬಾಬಿನ್ನುಗಳು ಇನ್ನೂ ಮೂಟೆಯಲ್ಲಿ,
ಮೂಟೆ ಸರಿಸಿದರೆ ನನಗೆ ಸೀನು.

ಅವನು ಮಂಡಕ್ಕಿ ಪೊಟ್ಟಣ ಬಿಚ್ಚುವ ಹೊತ್ತಿಗೇ ಹೋಗಬೇಕು.
ಬಾಯಲ್ಲಿ ಮೆಣಸಿನಕಾಯಿ ಇದ್ದಾಗ ಮಾತು ಕಡಿಮೆ.

ಇವತ್ತು ಹಿತ್ತಾಳೆ ತಂಬಿಗೆ.
ಕಂಠದ ಸುತ್ತ ಚುಕ್ಕಿ ಚುಕ್ಕಿ ಅಕ್ಷರ:
‘ಚಿ. ಸೌ. ಗಿರಿಜವ್ವಗೆ ಸೋದರತ್ತೆ ಕೊಟ್ಟದ್ದು
೧೨-೫-೬೮’
‘ಏಳ್ನೂರು ಗ್ರಾಂ’ ಅಂದ.
‘ಕೊರೆದಷ್ಟು ಹಿತ್ತಾಳೆ ಹೋಗಿದೆಯಲ್ಲ, ಅದನ್ನ ಕಳಿ’ ಅಂದೆ.
ನಕ್ಕ. ಇಪ್ಪತ್ತು ರೂಪಾಯಿ ಬಿಟ್ಟ.

ಹುಣಸೆಹಣ್ಣು ಹಚ್ಚಿ ತಿಕ್ಕಿ
ಮೆಟ್ಟಿಲ ಬಿಸಿಲಲ್ಲಿ ಆರು ಫೋಟೋ ತೆಗೆದೆ,
ತಗ್ಗು ಕಾಣದ ಹಾಗೆ ಐದು, ಕಾಣುವಂತೆ ಒಂದು.
ಎರಡು ಸಾವಿರ ಅಂತ ಹಾಕಿದೆ.

ಸಂಜೆಗೆ ನಾಸಿಕದಿಂದ ಒಬ್ಬಳು:
ತಂಬಿಗೆ ಬೇಕು, ಆ ಬರಹ ಅಳಿಸಿಕೊಡ್ತೀರಾ?

ಪಾಲಿಶ್ ಅಂಗಡಿಯವನು ನೂರೈವತ್ತು ಕೇಳಿದ.
ಕೊಟ್ಟರೂ ಲಾಭವೇ.

ರಾತ್ರಿ ಅದರಲ್ಲೇ ನೀರು ತುಂಬಿ ಕುಡಿದೆ.
ಹಿಡಿದ ಬೆರಳಿಗೆ ಚುಕ್ಕಿಗಳು ತರಿತರಿ.
ಸೋದರತ್ತೆ ತನ್ನ ಹೆಸರನ್ನೇ ಹಾಕಿಸಿಲ್ಲ,
ಈಗ ನೋಡಿದೆ.
ಆಗ ಅಕ್ಷರಕ್ಕೆ ಇಷ್ಟು ಅಂತ ಕಾಸು ತಗೊಂಡು ಕೊರೆಯುತ್ತಿದ್ದರಂತೆ.

ಸಾಲಲಿಲ್ಲವೇನೋ.