ಬೆಸ ಸಂಖ್ಯೆ

ಮೂರು ಕಾಲೇಜಿನ ಕಾಗದಗಳು ಉಮದಿಯ ನಮ್ಮ ಮನೆಯಲ್ಲಿ
ಹಿಟ್ಟಿನ ಡಬ್ಬಿಯ ಮೇಲೆ ಹದಿನೈದು ದಿನ ಕೂತಿದ್ದವು.
ಒಂದರಲ್ಲಿ ಈಜುಕೊಳ. ಇನ್ನೊಂದರಲ್ಲಿ
ಗಾಜಿನ ಕಟ್ಟಡ, ಅದರೆದುರು ನಗುವ ಬಿಳಿ ಕೋಟುಗಳು.
ಮೂರನೆಯದು ಮಿರಜಿನದು: ಒಂದೇ ಹಾಳೆ, ಝೆರಾಕ್ಸು,
ಮಡಿಕೆ ಬಿದ್ದಲ್ಲಿ ಫೀಸಿನ ಅಂಕಿ ಅಳಿಸಿತ್ತು.

"ಪಾದಕ್ಕಂತ ಬ್ಯಾರೆ ಸಾಲಿ ಇರತೈತೇನ?"
ಸೋದರಮಾವ ಸಂಗಪ್ಪ ಕೇಳಿದ.
"ಹಲ್ಲಿಗೈತಿ, ಕಣ್ಣಿಗೈತಿ. ಕಾಲಿಗೆ ಚಪ್ಪಲಿ ಅಂಗಡಿ ಸಾಕಲ್ಲ."
ಅವ್ವ ಏನೂ ಅನ್ನಲಿಲ್ಲ. ಒಡೆದ ಹಿಮ್ಮಡಿಯನ್ನು
ಸೀರೆಯಂಚಿನೊಳಗೆ ಎಳೆದುಕೊಂಡಳು.

ಮೂರೂ ಕಡೆ ಫೋನು ಹಚ್ಚಿದೆ. ಒಂದೇ ಪ್ರಶ್ನೆ:
ಮೊದಲ ವರ್ಷ ಎಷ್ಟು ಪಾದ ಮುಟ್ಟಲು ಸಿಗುತ್ತವೆ?
"ನಮ್ಮಲ್ಲಿ ಸಿಲಿಕಾನ್ ಪಾದಗಳಿವೆ, ಜರ್ಮನಿಯವು" ಅಂದರು ಒಬ್ಬರು.
ಇನ್ನೊಬ್ಬರು ಬಸ್ಸಿನ ಸೌಲಭ್ಯ ವಿವರಿಸಿದರು.
ಮಿರಜಿನಲ್ಲಿ ಕ್ಲಾರ್ಕು ಊಟಕ್ಕೆ ಹೋಗಿದ್ದ. ಯಾರೋ ಹುಡುಗಿ ಎತ್ತಿ,
ಏದುಸಿರಿನಲ್ಲೇ, "ತಡೀರಿ, ರಜಿಸ್ಟರ್ ನೋಡ್ತೀನಿ...
ಇವತ್ತ ಹನ್ನೊಂದು."
ಹನ್ನೊಂದು ಹೆಂಗ? ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು.
ಆ ರಾತ್ರಿಯೇ ಅರ್ಜಿ ತುಂಬಿದೆ.

ಹಾಸ್ಟೆಲ್ಲು ಸ್ಟೇಷನ್ನಿನ ಹಿಂದೆ. ನಾಲ್ವರಿಗೆ ಒಂದು ಕೋಣೆ,
ಒಂದು ಬಕೆಟ್ಟು, ಒಂದು ಪಾದದ ಅಸ್ಥಿಪಂಜರ,
ಬಾಡಿಗೆಯದು, ಕಿರುಬೆರಳಿನ ತುದಿ ಕಳೆದದ್ದು.
ರುಕ್ಸಾನಾ ಮುಜಾವರ ಅದನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾಳೆ.
ನನ್ನ ತಲೆಯಲ್ಲಿ ಎಲುಬಿನ ಹೆಸರು ನಿಲ್ಲುತ್ತಿರಲಿಲ್ಲ.
ಕೊನೆಗೆ ಕೈ ಹಿಡಿದದ್ದು ಬೆಳಗಾವಿ ಪ್ಯಾಸೆಂಜರು:
ಟೇಲಸ್ ಅಂದರೆ ವಿಜಯನಗರ, ಕ್ಯಾಲ್ಕೇನಿಯಸ್ ಶೇಡಬಾಳ,
ನ್ಯಾವಿಕ್ಯುಲರ್ ಉಗಾರ, ಕ್ಯೂಬಾಯ್ಡ್ ಕುಡಚಿ,
ಆಮೇಲೆ ಮೂರು ಕ್ಯೂನಿಫಾರ್ಮು, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡು.
ವೈವಾದಲ್ಲಿ ಗೋಡಬೋಲೆ ಮೇಡಂ ಕ್ಯೂಬಾಯ್ಡ್ ಎತ್ತಿ ತೋರಿಸಿದರೆ
ಬಾಯಿಗೆ ಬಂದದ್ದು ಕುಡಚಿ.
ಅವರು ನಗಲಿಲ್ಲ. ಮರಾಠಿಯಲ್ಲೇ ಕೇಳಿದರು: ಮುಂದಿನ ಸ್ಟೇಷನ್ನು?

ಪಾಠ ಇಂಗ್ಲಿಷು, ಬೈಗುಳ ಮರಾಠಿ, ಕಾಲುಗಳು ಮಾತ್ರ ಕನ್ನಡದವು.
ಅಥಣಿಯಿಂದ, ತೇರದಾಳದಿಂದ, ಮೊದಲ ಬಸ್ಸಿಗೆ ಬಂದು
ಬೆಂಚಿನ ಕೆಳಗೆ ಸಾಲಾಗಿ ಕೂರುತ್ತವೆ:
ಕಬ್ಬಿನ ಕೂಳೆ ಚುಚ್ಚಿದವು, ಉಗುರು ಒಳಬೆಳೆದವು,
ಕಾರ್ಖಾನೆಯಲ್ಲಿ ಸಕ್ಕರೆ ಮೂಟೆ ಹೊತ್ತು ಹೊತ್ತು
ತಾವೇ ಸಕ್ಕರೆಗೆ ಸಿಕ್ಕವು.
ನುಡಿ ಬಲ್ಲವಳೆಂದು ಎಲ್ಲ ಕೋಣೆಗೂ ನನ್ನನ್ನೇ ಕೂಗುತ್ತಾರೆ.

ಕೈಯಲ್ಲಿ ನೈಲಾನಿನ ಎಳೆ. ಚರ್ಮಕ್ಕೆ ಒತ್ತಿ ಬಾಗಿದರೆ ಸಾಕು.
"ಕಣ್ಣ ಮುಚ್ಚರಿ. ತಿಳೀತಂದ್ರ ಹೂಂ ಅನ್ರಿ."
ದುಂಡಪ್ಪ ತೇಲಿ, ಅರವತ್ತೆಂಟು, ಮುಟ್ಟುವ ಮೊದಲೇ ಹೂಂ.
ಎಳೆ ನನ್ನ ಜೇಬಿನಲ್ಲಿದ್ದಾಗಲೂ ಹೂಂ.
"ಕಾಕಾ, ನಾ ಇನ್ನಾ ಮುಟ್ಟೇ ಇಲ್ಲ."
"ಸಣ್ಣ ಹುಡುಗಿ ಕಾಲ ಹಿಡದೀದಿ. ಇಲ್ಲ ಅನ್ನಾಕ ಮನಸ ಬರವಲ್ದು."
ಒಂದೇ ಕಾಲು ಅವನದು. ಇನ್ನೊಂದು ಹೋದ ದಸರೆಗೆ
ಮೊಳಕಾಲ ಕೆಳಗೆ ಹೋಯಿತು. ಆದರೂ ಚೀಲದಲ್ಲಿ
ಜೋಡಿ ಚಪ್ಪಲಿ: "ಒಂದ ಯಾರೂ ಕೊಡೂದಿಲ್ಲ ತಂಗಿ,
ರೊಕ್ಕ ಮಾತ್ರ ಎರಡರದ್ದು."

ಯಾರೂ ಹೇಳಿರಲಿಲ್ಲ, ನಿಂತು ನಿಂತು ಮೊದಲು ಕೆಡುವುದು
ಕಲಿಯುವವರ ಕಾಲೇ ಎಂದು. ರಾತ್ರಿ
ಒಂದು ಬಕೆಟ್ಟು ಬಿಸಿನೀರಿಗೆ ಎಂಟು ಪಾದ, ಸರದಿಗೆ ಜಗಳ.
ರುಕ್ಸಾನಾಳ ಆಣಿ ನಾನು ಹೆರೆಯುತ್ತೇನೆ, ನನ್ನದು ಅವಳು.
ಪ್ರಾಕ್ಟಿಕಲ್ಲಿಗೆ ಆಯಿತಲ್ಲ ಅನ್ನುತ್ತಾಳೆ.

ದೀಪಾವಳಿಗೆ ಊರಿಗೆ ಹೋದಾಗ ಅವ್ವ ಹಿಮ್ಮಡಿ ಕೊಡಲಿಲ್ಲ.
"ತಾಯಿ ಕಾಲ ಮುಟ್ಟೂದು ನಮಸ್ಕಾರಕ್ಕಷ್ಟ."
ಸರಿ, ನಮಸ್ಕಾರ ಮಾಡಿದೆ,
ಬಹಳ ಹೊತ್ತು,
ಹೆಬ್ಬೆರಳಿನಿಂದ ಬಿರುಕಿನ ಆಳ ಅಳೆಯುತ್ತ.

ನಿನ್ನೆ ಕ್ಲಾರ್ಕು ಊಟಕ್ಕೆ ಹೋದಾಗ ಫೋನು ಬಂತು.
ಗುಡ್ಡಾಪುರದವಳಂತೆ. ದನಿ ಸಣ್ಣದು, ಹಿಂದೆ ಯಾರೋ ಗದರುವ ಸದ್ದು.
ಫೀಸು ಕೇಳಿದಳು, ಮೆಸ್ಸಿನಲ್ಲಿ ರೊಟ್ಟಿ ಇರತೈತೇನ ಕೇಳಿದಳು,
ಆಮೇಲೆ, ತಡೆದು, ದಿನಕ್ಕ ಎಷ್ಟ ಕಾಲ ನೋಡಾಕ ಸಿಗತಾವ?
ಏಳು ಮಂದಿ ಬಂದಿದ್ದರು. ಹದಿ...
ರಜಿಸ್ಟರಿನ ಮೇಲೆ ಬೆರಳಿಟ್ಟೆ.
"ಹದಿಮೂರು," ಅಂದೆ.